ನಿನ್ನ ಗುರು ಯಾರಮ್ಮ?

ಬೆಳೆದ ಮಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಯಾವ ಅಪ್ಪನಿಗೆ ಅನ್ನ ಸೇರುತ್ತದೆ ಹೇಳಿ! ಅವಳು ದುಡಿಯುತ್ತಿದ್ದ ಸೋಫಾ ಕಾರ್ಖಾನೆ ಬಾಗಿಲು ಹಾಕಿದಾಗಿನಿಂದ ಬಡಗಿ ಮೇಸ್ತ್ರಿಗಳ ಮಗಳದು ಅದೇ ಪಾಡು. ಕೊನೆಗೊಂದು ದಿನ ಉದ್ಯೋಗ ಕಚೇರಿಯವರು ಕರೆದು, ದೊಡ್ಡ ಫರ್ನಿಚರ್ ಅಂಗಡಿಗೆ ತರಬೇತಿಗೆ ಹೋಗು ಎಂದರು. ಸಂಬಳವಿಲ್ಲ. ಹೋಗದಿದ್ದರೆ ತಿಂಗಳ ನಿರುದ್ಯೋಗ ನೆರವೂ ನಿಲ್ಲಬಹುದು.

"ಅಪ್ಪಾ, ಸೋಫಾ ಹೊಲಿಯೋದು ನಂಗೆ ಬರತ್ತಲ್ಲ. ಬರೋದನ್ನೇ ಇನ್ನೇನು ಕಲೀಲಿ?" ಎಂದಳು ಮಗಳು.

"ಎಲ್ಲಾ ಗೊತ್ತು ಅಂದೋರಿಗೆ ಏನೂ ಗೊತ್ತಿರಲ್ಲ. ಸುಮ್ನೆ ಹೋಗು."

ಪಕ್ಕದ ಮನೆಯ ಹೊಲಿಗೆ ಅಕ್ಕ ಕಾಂಪೌಂಡಿನಾಚೆಯಿಂದ ಇಣುಕಿದಳು. ಅದೇ ಅಂಗಡಿಯಲ್ಲಿ ಸಂಬಳಕ್ಕೆ ಹೊಲಿಯುತ್ತಿದ್ದವಳು. ಕೆಲಸ ಕಡಿಮೆ ಎಂದು ಹೋದ ತಿಂಗಳಷ್ಟೇ ಅವಳನ್ನು ಬಿಡಿಸಿದ್ದರು.

"ಮಾವ, ಏನು ಕಲಿಸ್ತಾರೆ, ಯಾರು ಕಲಿಸ್ತಾರೆ, ಎಷ್ಟು ದಿನ ಅಂತ ಬರೆದು ಕೊಟ್ಟಿದ್ದಾರಾ? ಕೇಳಿ ನೋಡಿ."

"ಮೊಸರಲ್ಲಿ ಕಲ್ಲು ಹುಡುಕ್ಬೇಡ ಕಣಮ್ಮ. ನಾನೂ ಬಿಟ್ಟಿ ದುಡಿದೇ ಬಡಗಿ ಆಗಿದ್ದು," ಎಂದು ಮೇಸ್ತ್ರಿಗಳು ಬಾಯಿ ಮುಚ್ಚಿಸಿದರು. ಕೆಲಸ ಹೋದ ಹೊಟ್ಟೆಯುರಿ ಇವಳಿಗೆ ಎಂದುಕೊಂಡರು ಒಳಗೊಳಗೇ.

ಅವರು ಸುಳ್ಳು ಹೇಳಿರಲಿಲ್ಲ. ಆಹಾ, ಎಂಥ ದಿನಗಳವು! ಗುರುಗಳ ಕೆಲಸದ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಮರದ ಹೊಟ್ಟು. ಗುರುಗಳು ಕಣ್ಣು ಮುಚ್ಚಿಸಿ ಮರದ ಚೂರನ್ನು ಮೂಗಿಗೆ ಹಿಡಿದು, "ಯಾವ ಮರ, ಹೇಳೋ ಕತ್ತೆ" ಎನ್ನುತ್ತಿದ್ದರು. ತಪ್ಪಿದರೆ ತಲೆಗೊಂದು ಮೊಟಕು, ಸರಿಯಾದರೆ ಗುರುಗಳ ಮನೆಯ ಅಮ್ಮನವರ ಕೈಯಿಂದ ಇನ್ನೊಂದು ತುತ್ತು. ಉಜ್ಜುಗೊರಡು ಹಿಡಿದ ತನ್ನ ಪುಟ್ಟ ಕೈಗಳ ಮೇಲೆ ಗುರುಗಳ ದೊಡ್ಡ ಕೈ ಕೂರುತ್ತಿತ್ತು. ತಿಂಗಳಾಗುತ್ತಲೇ ಅಪ್ಪ ಹಣ್ಣಿನ ಬುಟ್ಟಿ ಹಿಡಿದು ಬಂದು, "ನಮ್ಮ ಹುಡುಗ ಹೇಗೆ ಕಲೀತಿದ್ದಾನೆ ಸ್ವಾಮಿ?" ಎಂದು ಕೇಳಿದ್ದ. ಆಗೆಲ್ಲ ಹಾಗೇ, ಮಗುವನ್ನು ಕೆಲಸಕ್ಕೆ ಬಿಟ್ಟವರು ಗುರುವನ್ನು ಕಾಣಲೇಬೇಕು. ನೆನೆದರೆ ಮೇಸ್ತ್ರಿಗಳ ಕಣ್ಣು ಈಗಲೂ ತೇವವಾಗುತ್ತದೆ.

ಮಗಳು ಹೋಗಿ ತಿಂಗಳಾಯಿತು. ಮೇಸ್ತ್ರಿಗಳು ಒಗೆದ ಅಂಗಿ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ಅಂಗಡಿಗೆ ಹೊರಟೇಬಿಟ್ಟರು.

"ನನ್ನ ಮಗಳ ಗುರುಗಳನ್ನ ನೋಡ್ಬೇಕಿತ್ತು," ಎಂದರು ಮೇಲ್ವಿಚಾರಕನಿಗೆ.

"ಗುರುಗಳಾ?" ಅವನಿಗೆ ನಗು ತಡೆಯಲಾಗಲಿಲ್ಲ. "ಅವರಿಗೆ ಯಾರು ಕಲಿಸ್ಬೇಕು ಯಜಮಾನ್ರೇ? ಹೊಸಬರಿಗೆ ಅವರೇ ಕಲಿಸ್ತಾರೆ. ಮೊದಲು ಸಂಬಳಕ್ಕೆ ಒಬ್ಬ ಅಕ್ಕ ಇದ್ರು. ಈಗ ಕಚೇರಿಯವರೇ ಜನ ಕಳಿಸ್ತಾರಲ್ಲ, ಸಂಬಳ ಯಾಕೆ ದಂಡ?"

ಗೋದಾಮಿನಲ್ಲಿ ಮಗಳು ಹೊಲಿಗೆ ಅಕ್ಕನ ಮೆಷಿನ್ನಿನ ಮುಂದೆ ಬಗ್ಗಿ ಕೂತಿದ್ದಳು. ಮುಗಿದ ಸೋಫಾಗಳಿಗೆಲ್ಲ ಬೆಲೆಯ ಚೀಟಿ ಅಂಟಿಸಿತ್ತು. ಮೇಸ್ತ್ರಿಗಳಿಗೆ ಬುಟ್ಟಿ ಎಲ್ಲಿಡಬೇಕೆಂದೇ ತೋಚಲಿಲ್ಲ.

ಸಂಜೆ ಮಗಳೊಂದಿಗೆ ಮನೆಗೆ ಮರಳುವ ದಾರಿಯಲ್ಲಿ ಕೇಳಿದರು. "ಒಂದು ತಿಂಗಳಲ್ಲಿ ಏನು ಕಲಿತೆ ಮಗಾ?"

ಅವಳು ಅಪ್ಪನ ಕೈಯ ಬುಟ್ಟಿಯನ್ನು ತಾನು ಹಿಡಿದುಕೊಂಡಳು. ಆಮೇಲೆ, "ಸುಮ್ನಿರೋದನ್ನ ಕಲಿತೆ ಅಪ್ಪಾ," ಎಂದಳು.

ಆ ಮಾತು ಅವರ ಎದೆಗೆ ನಾಟಿತು. ನೇರ ಹೋಗಿ ಹೊಲಿಗೆ ಅಕ್ಕನ ಬಾಗಿಲು ತಟ್ಟಿದರು. "ತಪ್ಪಾಯ್ತಮ್ಮ. ನಿನ್ನ ಅನ್ನಕ್ಕೆ ನಾನೇ ನನ್ನ ಮಗಳ ಕೈ ಹಾಕಿಸಿದೆ."

"ಅಯ್ಯೋ ಬಿಡಿ ಮಾವ, ಅವಳೇನು ಮಾಡ್ತಾಳೆ ಪಾಪ. ನಿಮ್ಮ ಗುರುಗಳು ನಿಮಗೆ ಕಸುಬು ಕೊಟ್ರು. ಇವರು ಇವಳ ಕಸುಬನ್ನೇ ಪುಕ್ಕಟೆ ತಗೊಂಡ್ರು," ಎಂದು ಅಕ್ಕ ಹಿಂದೆ ನಿಂತಿದ್ದ ಮಗಳತ್ತ ತಿರುಗಿದಳು. "ಆದ್ರೆ ಸಿಟ್ಟಲ್ಲಿ ನಾಳೆಯಿಂದ ಹೋಗಲ್ಲ ಅನ್ಬೇಡ ಕಣೇ, ನೆರವಿಗೇ ಕತ್ತರಿ ಬೀಳಬಹುದು. ಮೊದಲು ನಮ್ಮ ಕಾರ್ಮಿಕ ಸಂಘಕ್ಕೆ ಹೋಗೋಣ. ನಿಯಮ ಏನಿದೆ ಅಂತ ಅವರು ನೋಡ್ತಾರೆ. ಒಬ್ಬಳೇ ಹೋದ್ರೆ ಗದರಿಸ್ತಾರೆ, ನಾಲ್ಕು ಜನ ಹೋದ್ರೆ ಕುರ್ಚಿ ಕೊಡ್ತಾರೆ!"

ಸಂಘದವರ ಜೊತೆ ಎಲ್ಲರೂ ಉದ್ಯೋಗ ಕಚೇರಿಗೆ ಹೋದರು. ಕಸುಬು ಬಲ್ಲವಳನ್ನೇ ತರಬೇತಿಯ ಹೆಸರಲ್ಲಿ ದುಡಿಸಿದ್ದು ಯಾಕೆ ಎಂದು ಸಂಘದವರು ಕೇಳಿದಾಗ ಅಧಿಕಾರಿ ಅವಳ ಕಡತ ತೆಗೆಸಿದರು. ನೆರವು ನಿಲ್ಲಿಸದೆ ಅವಳನ್ನು ಅಲ್ಲಿಂದ ಬಿಡಿಸಿ, ಸೋಫಾ ಬಟ್ಟೆಯನ್ನು ವಿನ್ಯಾಸಕ್ಕೆ ತಕ್ಕಂತೆ ಕತ್ತರಿಸುವುದನ್ನು ನಿಜಕ್ಕೂ ಹೇಳಿಕೊಡುವ ಕೇಂದ್ರಕ್ಕೆ ಹಾಕಿದರು. ಕೆಲಸದಿಂದ ಬಿಡಿಸಿದ್ದರ ಬಗ್ಗೆ ಅಕ್ಕ ಕೊಟ್ಟ ದೂರಿನ ವಿಚಾರಣೆ ಇನ್ನೂ ನಡೆಯುತ್ತಿದೆ. ಪ್ರತಿ ಸಲವೂ ಮೇಸ್ತ್ರಿಗಳು ಅವಳ ಜೊತೆ ಹೋಗುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಸಂಬಳವಿಲ್ಲದ ತರಬೇತಿಗೆ ಹೋಗುತ್ತಿದ್ದಾರೆಯೇ? ಏನು ಕಲಿಸುತ್ತಾರೆ, ಯಾವಾಗ ಮುಗಿಯುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಅನುಮಾನ ಬಂದರೆ ನಿಮ್ಮೂರಿನ ಕಾರ್ಮಿಕ ಸಂಘವನ್ನೋ ಉಚಿತ ಕಾನೂನು ನೆರವಿನವರನ್ನೋ ಕೇಳಿ. ಸಂಜೆ ಅವರು ಮನೆಗೆ ಬಂದಾಗ ನೀರು ಕೊಟ್ಟು, ಪಕ್ಕದಲ್ಲಿ ಕೂತು, "ಇವತ್ತು ಏನು ಕಲಿತೆ?" ಎಂದು ವಿಚಾರಿಸಿ. ದಿನದಿನವೂ ಉತ್ತರ ಬರದಿದ್ದರೆ ಅದು ತರಬೇತಿಯಲ್ಲ, ದುಡಿಮೆ. ದುಡಿಮೆಗೆ ಕೂಲಿ ಕೇಳುವುದು ನಾಚಿಕೆಯ ಮಾತಲ್ಲ.