ತಗ್ಗಿನ ಜಾಲಿ

“ಇಷ್ಟು ಜಾಲಿ ಯಾರು ಬಿತ್ಯಾರ ಇಲ್ಲಿ?”

ಬಾಲಮ್ಮ ಕೇಳಿದ್ದು ಯಾರನ್ನೂ ಅಲ್ಲ. ಸುರಪುರದ ಗುಡ್ಡದ ಸೆರಗಿನಲ್ಲಿದ್ದ ತನ್ನ ಹೊಲದಲ್ಲಿ ಅವಳೊಬ್ಬಳೇ ನಿಂತಿದ್ದಳು. ರಜಾಕಾರರ ಗಲಾಟೆಯ ವರ್ಷ ಗಂಡನ ಜೊತೆ ತಾಳಿಕೋಟಿ ಕಡೆ ಗಡಿ ದಾಟಿದವಳು, ಅವನನ್ನು ಅಲ್ಲಿಯ ಮಣ್ಣಿಗೇ ಕೊಟ್ಟು, ಅವರಿವರ ಹೊಲದಲ್ಲಿ ಕೂಲಿ ಮಾಡಿ, ನಿಜಾಮನ ರಾಜ್ಯ ಹೋಗಿ ಕೆಲವು ಮಳೆಗಾಲ ಕಳೆದ ಮೇಲೆ ತಿರುಗಿ ಬಂದಿದ್ದಳು.

ಹೋಗುವಾಗ ಕುರಿಗಳನ್ನು ಮೈದುನ ಅಮಾತೆಪ್ಪನ ವಶಕ್ಕೆ ಕೊಟ್ಟಿದ್ದಳು. “ನೀವು ಹೋದ ವಾರದಾಗ ರಜಾಕಾರರು ಅಷ್ಟೂ ಹೊಡಕೊಂಡು ಹೋದ್ರು, ಅತ್ತಿಗೆವ್ವ. ತಿಂಥಣಿ ಮೋನಪ್ಪಯ್ಯನ ಆಣಿ,” ಎಂದು ಅವನು ಮೊನ್ನೆ ಕಣ್ಣೊರೆಸಿಕೊಂಡಿದ್ದ. ಆಣೆ ಮಾಡು ಎಂದು ಯಾರೂ ಕೇಳಿರಲಿಲ್ಲ. ಈಗ ಅವನ ಹಿಂದೆ ದೊಡ್ಡ ಹಿಂಡೇ ಇತ್ತು. ಹೆಂಡತಿಯ ತವರಿನವರು ಕೊಟ್ಟದ್ದಂತೆ.

ಬೀಳು ಬಿದ್ದ ನೆಲಕ್ಕೂ ಒಂದು ನಡೆ ಇದೆ. ಮೊದಲು ಹುಲ್ಲು. ಹುಲ್ಲಿನ ಬೆನ್ನಿಗೆ ತಂಗಡಿ, ತಂಗಡಿಯ ಸಂದಿಗೆ ಬಾರಿಗಿಡ, ಬಾರಿಮುಳ್ಳಿನ ಮರೆಗೆ ಹಕ್ಕಿ ಉಗುಳಿದ ಬೇವು. ಹಾಡಿನಲ್ಲಿ ನುಡಿಯ ಹಿಂದೆ ನುಡಿ ಬಂದಂತೆ ಒಂದರ ಮಡಿಲಲ್ಲಿ ಇನ್ನೊಂದು. ಹೊಲದ ಬಹುಪಾಲು ಹಾಗೆಯೇ ಕಾಡಾಗುತ್ತ ನಡೆದಿತ್ತು. ಬಂಡೆಗಳ ಮರೆಯ ತಗ್ಗಿನಲ್ಲಿ ಮಾತ್ರ ಬರೀ ಜಾಲಿ. ಎದೆಮಟ್ಟ, ಒತ್ತೊತ್ತಾಗಿ, ಗೆರೆ ಕೊರೆದಂತೆ ದುಂಡಗೆ.

ಕುರುಬರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಜಾಲಿಕಾಯಿ ತಿಂದ ಕುರಿ ಎಲ್ಲಿ ಹಿಕ್ಕಿ ಹಾಕುತ್ತದೋ ಅಲ್ಲಿ ಜಾಲಿ ಏಳುತ್ತದೆ. ಅವಳು ಕೂತು ಬೆರಳಿನಿಂದ ಕೆದಕಿದಳು. ಗೇಣು ಆಳದವರೆಗೂ ಕಪ್ಪು ಹಿಕ್ಕಿ. ದಾರಿ ಹಿಡಿದು ಹೋದ ಹಿಂಡಿನದಲ್ಲ ಇದು. ಜಾಲಿಯ ಎತ್ತರ ನೋಡಿದರೆ ತಾವು ಊರು ಬಿಟ್ಟ ವರ್ಷದ್ದೇ; ಆ ಬೇಸಿಗೆಯುದ್ದಕ್ಕೂ ಇಲ್ಲಿ ಕುರಿ ತರುಬಿ ನಿಲ್ಲಿಸಿದ್ದಾರೆ. ಆದರೆ ಹಟ್ಟಿಯ ಹಿಕ್ಕಿಯನ್ನು ಈ ಸೀಮೆಯಲ್ಲಿ ಯಾರು ಬಿಡುತ್ತಾರೆ? ಗೊಬ್ಬರಕ್ಕೆಂದು ರೈತರು ಗಾಡಿ ಹೂಡಿಕೊಂಡು ಬಂದು ಕೈಮುಗಿದು ಒಯ್ಯುತ್ತಾರೆ.

ಪಕ್ಕದ ಹೊಲದ ಶಾಂತಪ್ಪ ಕುಂಟೆ ಹೊಡೆಯುತ್ತಿದ್ದ.

“ಶಾಂತಪ್ಪಣ್ಣ, ಗಲಾಟಿ ವರ್ಷ ನಮ್ಮ ತಗ್ಗಿನಾಗಿನ ಹಿಕ್ಕಿ ಯಾಕ ಒಯ್ಯಲಿಲ್ಲ?”

“ಯಾವ ಹಿಕ್ಕಿ ತಂಗಿ? ಹಿಕ್ಕಿ ಅಂದ್ರ ನಿದ್ದಿಗಣ್ಣಾಗ ಗಾಡಿ ಹೂಡಾಂವ ನಾ. ಗೊತ್ತಿದ್ರ ನಿನ್ನ ಹೊಲದ ಮಣ್ಣೂ ಬಿಡ್ತಿದ್ದಿಲ್ಲ!” ಎಂದು ನಕ್ಕ. “ಕುರಿ ಇದ್ದದ್ದ ಯಾರಿಗೂ ಗೊತ್ತಿಲ್ಲಲ್ಲ.”

ಅವಳು ನಗಲಿಲ್ಲ. ಗಾಡಿ ಕರೆದರೆ ಗುಟ್ಟು ಒಡೆಯುತ್ತದೆ ಎಂದು ಹೆದರಿದವನೇ ಹಿಕ್ಕಿ ಬಿಟ್ಟು ಹೋದಾನು. ಲೂಟಿ ಮಾಡಿದವರು ಲೂಟಿಯ ಕುರಿಯನ್ನು ಅದೇ ಊರಿನ ಹೊಲದಲ್ಲಿ ಬಚ್ಚಿಟ್ಟು ಮೇಯಿಸುತ್ತಾರೆಯೇ? ಶಿವನೇ, ಒಡಹುಟ್ಟಿದಂಥವನ ಮೇಲೆ ಅನುಮಾನ ಪಾಪ, ಎಂದು ಗಲ್ಲ ಬಡಿದುಕೊಂಡಳು. ಬಡಿದುಕೊಂಡ ಕೈಗೆ ಹಿಕ್ಕಿಯ ಪುಡಿ ಹತ್ತಿತ್ತು.

ಸಂಜೆ ಊರ ಪಂಚರ ಮನೆಗೆ ಹೋಗಿ, ನಾಳೆ ಬಂದು ತಗ್ಗು ನೋಡಬೇಕೆಂದು ಬೇಡಿಕೊಂಡಳು. ಅವರು ಕಣ್ಣಾರೆ ಕಂಡರೆ ಕುರಿಯ ಮಾತು ಚಾವಡಿಗೆ ಬರುತ್ತದೆ. ಕಾಣದಿದ್ದರೆ ಅವಳಿಗೆ ಕೂಲಿಯೇ ಗತಿ.

ಬೆಳಗ್ಗೆ ಹೊಲಕ್ಕೆ ಬಂದರೆ ಅಮಾತೆಪ್ಪ ಆಗಲೇ ಕೊಡಲಿ ಹಿಡಿದು ನಿಂತಿದ್ದ.

“ಅಣ್ಣ ಹೋದ ಮ್ಯಾಲ ನೀ ಒಬ್ಬಾಕಿ ಹೆಣ್ಮಗಳು. ಹೊಲ ಹಸನ ಮಾಡಿಕೊಡೂನು ಅಂತ ಬಂದೀನಿ.”

“ಭಾಳ ಚಲೋ ಆತು. ಬದುವಿನ ಬಾರಿಯಿಂದ ಹಿಡಿ.”

“ಬಾರಿ ಇರ್ಲಿ ಬಿಡ, ಹಣ್ಣರ ತಿನ್ನಾಕ ಆಗತಾವ. ಮೊದಲ ತಗ್ಗಿನ ಜಾಲಿ ತಗದು, ಅಡೀಗಿನ ಮಣ್ಣೂ ಕೆದರಿ ಹರವಿಬಿಡ್ತೀನಿ.”

“ಇಷ್ಟು ಜಾಲಿ ಎಲ್ಲಿಂದ ಬಂತೋ ಅಮಾತ್ಯಾ?”

“ಹಕ್ಕಿ ತಂದು ಹಾಕಿರಬೇಕು.”

“ಹಕ್ಕಿ ದುಂಡಗ ಬಿತ್ತತಾವೇನು?”

ಅವನು ಕೊಡಲಿಯ ಕಾವನ್ನು ಒರೆಸಿದ. ಊರಿನ ಹಾದಿಯ ಕಡೆ ನೋಡಿದ. ಪಂಚರು ಇನ್ನೂ ಕಾಣಿಸಿರಲಿಲ್ಲ.

“ಅತ್ತಿಗೆವ್ವ, ನಿನಗ ನಾಕು ಮರಿ ಹೊಡಕೊಂಡು ಬರ್ತೀನಿ. ಅಣ್ಣನ ಮಾರಿ ನೋಡಿ ಇದೊಂದು ಕಡೀಲಾಕ ಬಿಡು.”

ಬಾಲಮ್ಮ ಸೆರಗು ಬಿಗಿದು ಜಾಲಿಗೆ ಬೆನ್ನು ಕೊಟ್ಟು ನಿಂತಳು.

“ಬಿಡಂಗಿಲ್ಲ. ಒಂದು ಟೊಂಗಿ ಸುದ್ದಾ ಮುಟ್ಟಬ್ಯಾಡ.”