ಮೂರನೇ ಸಲದ ಅಂಕಿ

ಹೊಲಿಗೆ ಕಾರ್ಖಾನೆಯ ನರ್ಸಮ್ಮನಿಗೆ ಮೇಲಿನವರು ಕಲಿಸಿಕೊಟ್ಟ ಪದ್ಧತಿಯೊಂದಿತ್ತು. ಬಸುರಿಯರ ಬಿಪಿ ಮೂರು ಸಲ ನೋಡಬೇಕು, ಕಾರ್ಡಿನಲ್ಲಿ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆಯಬೇಕು. ಹೆಚ್ಚು ಬರೆದರೆ ರಜೆ ಕೊಡಬೇಕಾಗುತ್ತದೆ. ರಜೆ ಕೊಟ್ಟರೆ ಸಾಲಿನಲ್ಲೊಂದು ಮಿಷನ್ ಸುಮ್ಮನೆ ಕೂರುತ್ತದೆ. ಮಿಷನ್ ಸುಮ್ಮನಿರಬಾರದು, ಬಸುರಿ ಸುಮ್ಮನಿದ್ದರೆ ಸಾಕು.

ಕಾಲರ್ ಹೊಲಿಯುವವಳಿಗೆ ಎಂಟು ತಿಂಗಳು. ಬಾಯಿ ಜೋರು. ಹೋದ ವಾರ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತ, "ಏನಕ್ಕಾ, ಚೌಕಾಸಿ ಮಾಡ್ತಿದೀಯಾ? ಇಳಿಸ್ತಾನೇ ಇದೀಯಲ್ಲ" ಎಂದು ನಕ್ಕಿದ್ದಳು. ಮೊದಲ ಸಲ ನೂರ ಅರವತ್ತು ಬಂದಿತ್ತು. ನರ್ಸಮ್ಮ ಬರೆದದ್ದು ಮೂರನೇ ಸಲದ ನೂರ ಮೂವತ್ತೆಂಟು.

ಇವತ್ತು ಬೆಳಿಗ್ಗೆ ಅವಳು ಮಿಷನ್ ಮೇಲೆಯೇ ಕವುಚಿಬಿದ್ದಳು. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹಾಯುತ್ತಿತ್ತು. ನರ್ಸಮ್ಮನೇ ಆಸ್ಪತ್ರೆಗೆ ಕರೆತಂದು, ಅವಳ ಅತ್ತೆಗೆ ಹೇಳಿಕಳಿಸಿದಳು.

ರಿಪೋರ್ಟ್ ಹಿಡಿದು ಡಾಕ್ಟರಮ್ಮ ಹೊರಗೆ ಬಂದರು. "ಜಠರದ ಹಿಂದಿರೋ ಮೇದೋಜೀರಕ ಗ್ರಂಥಿ ಊದಿಕೊಂಡಿದೆ. ಸಾಮಾನ್ಯವಾಗಿ ಅದಕ್ಕೆ ಕಾರಣ ಪಿತ್ತಕೋಶದ ಕಲ್ಲು, ಇವಳಿಗೆ ಅದಿಲ್ಲ. ಬಿಪಿ ನೂರ ಎಪ್ಪತ್ತು. ನೋವಿಗೆ ಏರಿದೆಯೋ, ಮೊದಲಿಂದಲೂ ಇತ್ತೋ? ಕಾರ್ಡಲ್ಲಂತೂ ಎಲ್ಲ ಸರಿಯಾಗೇ ಇದೆ."

"ಇದ್ದಿದ್ರೆ ಏನಮ್ಮಾ?" ಅಷ್ಟರಲ್ಲಿ ಓಡಿಬಂದಿದ್ದ ಅತ್ತೆ ಕೇಳಿದಳು.

"ಬಸುರಲ್ಲಿ ಏರೋ ಬಿಪಿ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಕಿಡ್ನಿ, ಲಿವರ್‌ಗೆ ರಕ್ತ ಸಾಲಲ್ಲ, ಅಪರೂಪಕ್ಕೆ ಈ ಗ್ರಂಥಿಗೂ ಸಾಲಲ್ಲ. ಅದೇ ಕಾರಣ ಆದ್ರೆ ಮಗೂನ ಈಗಲೇ ತೆಗೀಬೇಕು. ಅಲ್ಲದಿದ್ರೆ ಕಾಯಬಹುದು, ಮಗು ಇನ್ನಷ್ಟು ಬಲೀಲಿ."

ನರ್ಸಮ್ಮನ ಫೋನು ನಡುಗಿತು. ಮ್ಯಾನೇಜರು. "ಕಾರ್ಡ್ ಸರಿ ಇದೆ ತಾನೆ? ಅಷ್ಟು ಸಾಕು. ನೀವು ಬಾಯಿ ಬಿಡಬೇಡಿ."

ಅವಳು ಫೋನು ಇಟ್ಟಳು. ಹೆದರಿಕೆಯಾಗಲಿಲ್ಲ, ಅಳು ಬರಲಿಲ್ಲ, ಮೈಯೆಲ್ಲ ಮರಗಟ್ಟಿತ್ತು.

"ಆರು ವಾರದಿಂದ ಬಿಪಿ ಇತ್ತು ಮೇಡಂ. ಕಾರ್ಡಲ್ಲಿರೋದು ಸುಳ್ಳು. ಬರೆದೋಳು ನಾನೇ."

ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. ಡಾಕ್ಟರಮ್ಮ ಅವಳನ್ನೊಮ್ಮೆ ನೋಡಿ ಒಳಗೆ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು. ಒಂದೂವರೆ ಕೆಜಿ, ಉಸಿರಾಡುತ್ತಿತ್ತು. ತಾಯಿಗೆ ಎಚ್ಚರವಿರಲಿಲ್ಲ. ಗ್ರಂಥಿಯ ಊತ ಇಳಿಯುವವರೆಗೆ ಏನೂ ಹೇಳಲಾಗದು ಎಂದರು.

ಅತ್ತೆ ಬಂದು ನರ್ಸಮ್ಮ ಕೂತಿದ್ದ ಬೆಂಚಿನ ಇನ್ನೊಂದು ತುದಿಗೆ ಕೂತಳು. ಕೇಳಿದಳು: "ಇನ್ನೆಷ್ಟು ಜನ ಬಸುರಿಯರಿದಾರೆ ಅಲ್ಲಿ?"

"ಹನ್ನೊಂದು."

"ಮತ್ತೆ ಇಲ್ಲೇನು ಕೂತಿದೀಯಾ, ನನ್ನ ಮುಖ ನೋಡ್ಕೊಂಡು? ಹೋಗಿ ಅವರಿಗೆ ಹೇಳು."

ನರ್ಸಮ್ಮ ಎದ್ದಳು. ಮೆಟ್ಟಿಲಿಳಿಯುವಾಗ ಕಾಲುಗಳು ತನ್ನವಲ್ಲವೆನಿಸಿತು. ಆದರೂ ಇಳಿದಳು.