ಮುಖ ನೋಡದ ಹೀಲರ್

ಎರಡು ವರ್ಷದಿಂದ ಅದೇ ಡ್ರ್ಯಾಗನ್ ಜೊತೆ ಹೊಡೆದಾಡುತ್ತಿದ್ದರೂ ಕವಿತ ಅದರ ಮುಖ ನೋಡಿರಲಿಲ್ಲ.

ಆಟದಲ್ಲಿ ಅವಳು ಹೀಲರ್. ಗೆಳತಿಯರಿಗೆ ಗಾಯವಾದರೆ ವಾಸಿ ಮಾಡುವುದು ಅವಳ ಕೆಲಸ. ಕಣ್ಣೆಲ್ಲ ಪರದೆಯ ಮೂಲೆಯಲ್ಲಿ ಏರಿಳಿಯುವ ಎರಡು ಹಸಿರು ಪಟ್ಟಿಗಳ ಮೇಲೆ: ಒಂದು ತ್ರಿವೇಣಿಯ ಪ್ರಾಣ, ಇನ್ನೊಂದು ನವ್ಯಳದು. ನಡುವೆ ಎಲ್ಲೋ ಬೆಂಕಿ, ಹೊಗೆ, ಗರ್ಜನೆ. ಪಟ್ಟಿ ಕೆಂಪಾಗದಂತೆ ಕಾಯುವುದರೊಳಗೆ ಡ್ರ್ಯಾಗನ್ ಸತ್ತುಹೋಗಿರುತ್ತಿತ್ತು. ಹುಡುಕಿದರೆ ಅದರ ಚಿತ್ರ ಎಲ್ಲಾದರೂ ಸಿಗುತ್ತಿತ್ತೇನೋ. ಆದರೆ ಅದು ಬೇರೆ ಯಾರೋ ನೋಡಿದ ಮುಖ.

ಇವತ್ತು ಹೊಸ ಸೀಸನ್. ಎಲ್ಲರೂ ಹೊಸದಾಗಿ ಕ್ಲಾಸ್, ಎಂದರೆ ಆಟದಲ್ಲಿ ತಮ್ಮ ಪಾತ್ರ, ಆರಿಸಬೇಕು. ಒಮ್ಮೆ ಒತ್ತಿದರೆ ಸೀಸನ್ ಮುಗಿಯುವವರೆಗೆ ಬದಲಾಯಿಸುವ ಹಾಗಿಲ್ಲ. ಕಾಮಸಮುದ್ರ ರಸ್ತೆಯ ಹಾಲಿನ ಡೈರಿಯ ಸಾಲಿನಲ್ಲಿ, ಕಾಲ ಬಳಿ ಕ್ಯಾನ್ ಇಟ್ಟುಕೊಂಡು, ಕವಿತ ಫೋನ್ ನೋಡುತ್ತ ನಿಂತಿದ್ದಳು. ಉರಿಗಾಂನಿಂದ ತ್ರಿವೇಣಿಯ ಮೆಸೇಜ್ ಬಂದಿತ್ತು: "ನೀನು ಹೀಲರ್ ತಾನೇ? ಇಲ್ಲಾಂದ್ರೆ ಹೇಳ್ಬಿಡು, ನಾನು ಬೇರೆ ಗುಂಪಿಗೆ ಹೋಗ್ತೀನಿ." ತ್ರಿವೇಣಿ ಹೇಳಿದ್ದನ್ನು ಮಾಡಿಯೇ ತೀರುವವಳು. ಬಂಗಾರಪೇಟೆಯ ಕಾಲೇಜು ಮುಗಿದು ಮದುವೆಗಳಾದ ಮೇಲೆ ಮೂವರೂ ಸೇರುತ್ತಿದ್ದದ್ದು ಈ ಆಟದಲ್ಲಿ ಮಾತ್ರ.

ಅತ್ತೆ ಅಶ್ವತ್ಥಮ್ಮ ಭುಜದ ಮೇಲಿಂದ ಇಣುಕಿದರು. ಪರದೆಯಲ್ಲಿ ಕಟ್ಟುಮಸ್ತಾದ ಗಂಡಸರು ಸಾಲಾಗಿ ನಿಂತಿದ್ದರು.

"ಏನಮ್ಮಾ, ಗಂಡು ನೋಡ್ತಾ ಇದೀಯಾ? ಒಬ್ಬ ಸಾಲ್ದಾ?"

ಸಾಲಿನ ಹೆಂಗಸರು ನಕ್ಕರು.

"ಇಲ್ಲತ್ತೆ, ಇವ್ರಲ್ಲಿ ನಾನ್ಯಾರಾಗ್ಬೇಕು ಅಂತ."

"ಕೋಲು ಇಡ್ಕಂಡವ್ನು ಯಾರು?"

"ಮಾಂತ್ರಿಕ. ದೂರದಿಂದ ಬೆಂಕಿ ಬಿಡ್ತಾನೆ. ನಮ್ ತ್ರಿವೇಣಿ ಅದೇ."

"ಈ ತಗಡು ಸುತ್ಕಂಡವ್ನು?"

"ಗುರಾಣಿಯವ್ನು. ಮುಂದೆ ನಿಂತು ಏಟೆಲ್ಲ ತಿಂತಾನೆ."

"ಯಾಕೆ, ಬುದ್ಧಿ ಇಲ್ವಾ?"

"ಮಿಕ್ಕೋರು ಬದುಕ್ಲಿ ಅಂತ."

"ನೀನೇನಾಗಿದ್ದೆ ಇಷ್ಟು ದಿನ?"

"ಇಂದೆ ನಿಂತು ವಾಸಿ ಮಾಡೋಳು."

"ಒಳ್ಳೇ ಕೆಲ್ಸ ಅಲ್ವಾ, ಅದೇ ಆಗು."

"ಆದ್ರೆ ಆ ಡ್ರ್ಯಾಗನ್ ಮುಖ ಎಂಗೈತೋ ನಂಗೇ ಗೊತ್ತಿಲ್ಲ ಅತ್ತೆ."

ಅಶ್ವತ್ಥಮ್ಮ ಸೊಸೆಯನ್ನು ನೋಡಿದರು, ಫೋನನ್ನು ನೋಡಿದರು. "ಎರಡು ವರ್ಷ ಒಡೆದಾಡಿ ಮುಖ ನೋಡಿಲ್ವಾ? ಏನ್ ಕರ್ಮ! ಇವತ್ತು ನೋಡು. ನಂಗೂ ತೋರ್ಸು."

ಕವಿತ ಗುರಾಣಿಯವನನ್ನು ಒತ್ತಿದಳು. ತ್ರಿವೇಣಿಗೆ ಉತ್ತರ ಬರೆಯಲಿಲ್ಲ.

ಆಟದೊಳಗೆ ಮೂವರೂ ಗುಹೆಯ ಬಾಗಿಲಲ್ಲಿ ಸೇರಿದಾಗ ಫೋನಿನ ಸ್ಪೀಕರಿನಲ್ಲಿ ತ್ರಿವೇಣಿ ಕಿರುಚಿದಳು. "ಏಯ್, ಇದೇನೇ ತಗಡು ಹಾಕ್ಕೊಂಡು ಬಂದಿದೀಯಾ? ಹೀಲರ್ ಯಾರು?"

ಅಷ್ಟರಲ್ಲಿ ಆತುರದ ನವ್ಯ ಬಾಗಿಲು ತೆರೆದಾಗಿತ್ತು.

ಡ್ರ್ಯಾಗನ್ ಕತ್ತು ಇಳಿಸಿತು. ಕವಿತ ನೋಡಿದಳು. ಕಣ್ಣ ಸುತ್ತ ಚರ್ಮ ಸುಕ್ಕುಗಟ್ಟಿತ್ತು. ಬಾಯಿ ತೆರೆಯುವ ಮೊದಲು ಅದು ತಲೆ ಓರೆ ಮಾಡಿ, ಯಾರಿವಳು ಹೊಸಬಳು ಎಂಬಂತೆ, ಅವಳನ್ನೇ ದಿಟ್ಟಿಸಿತು. ಆಮೇಲೆ ಬೆಂಕಿ. ಮೂವರೂ ಸತ್ತರು.

"ಗುರಾಣಿ ಯಾಕೇ ಎತ್ಲಿಲ್ಲ?" ನವ್ಯ ಕೇಳಿದಳು.

"ನೋಡ್ತಾ ಇದ್ದೆ ಕಣೇ."

"ಅಡಿಪಾವಿ!" ಎಂದು ತಮಿಳಿನಲ್ಲಿ ಬೈದಳು ತ್ರಿವೇಣಿ. ಅವಳ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಆಟ ಬಿಟ್ಟು ಹೋಗಿಬಿಟ್ಟಿದ್ದಳು.

"ಅದುಕ್ಕೆ ಮೀಸೆ ಐತಲ್ಲೇ!" ಅಶ್ವತ್ಥಮ್ಮನ ಕಣ್ಣು ಇನ್ನೂ ಪರದೆಯ ಮೇಲೇ ಇತ್ತು. "ಬೆಕ್ಕಿನ್ ಥರ. ನೋಡಿದ್ಯಾ?"

ನೋಡಿದ್ದಳು. ಕವಿತ ತ್ರಿವೇಣಿಗೆ ಉದ್ದಕ್ಕೆ ಕ್ಷಮೆ ಕೇಳಿ ಬರೆದಳು, ಅಳಿಸಿದಳು. ಹೀಲರ್ ಆಗಿ ವಾಪಸ್ಸು ಬರುತ್ತೇನೆ ಎನ್ನುವ ಹಾಗಿರಲಿಲ್ಲ. ಬರುವ ಮನಸ್ಸೂ ಇರಲಿಲ್ಲ. ಕೊನೆಗೆ ಕಳಿಸಿದ್ದು ಇಷ್ಟೇ: "ಅದಕ್ಕೆ ಮೀಸೆ ಇದೆ. ನಿಂಗೊತ್ತಿತ್ತಾ?"

ಸಾಲು ಸರಿಯಿತು. ಕ್ಯಾನನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಫೋನ್ ನೋಡಿದಳು. ಮತ್ತೊಮ್ಮೆ ತಳ್ಳಿದಳು.

"ಸುಳ್ಳು," ಎಂದು ಬಂತು. ತುಸು ಹೊತ್ತಿನ ಮೇಲೆ: "ನನ್ ಬೆಂಕಿ ಹೊಗೇಲಿ ನಂಗೇನು ಕಾಣುತ್ತೆ?"

ಬೂದು ಹೆಸರು ಹಸಿರಾಯಿತು.

"ತೋರ್ಸು ನಡಿ," ಎಂದಳು ತ್ರಿವೇಣಿ. "ಈ ಸಲನಾದ್ರೂ ಗುರಾಣಿ ಎತ್ತು, ಕತ್ತೆ."